ಕಡಸು ಉಳಿಸಿಕೊಳ್ಳುವ ಮೊದಲು ತಾಯಿಯ ಕಾಯಿಲೆ ಲೆಕ್ಕ ನೋಡಿ

ಒಂದೇ ಕೊಟ್ಟಿಗೆ, ಒಂದೇ ಸೊಪ್ಪಿನ ಹಾಸು, ಒಂದೇ ಬ್ಯಾಣದ ಹುಲ್ಲು. ಆದರೂ ಆರಿದ್ರಾ ಮಳೆ ಹಿಡಿಯುತ್ತಿದ್ದಂತೆ ಒಂದು ಹಸುವಿಗೆ ಕೆಚ್ಚಲು ಬಾವು ಬರುತ್ತದೆ. ಪಕ್ಕದಲ್ಲೇ ಕಟ್ಟಿದ್ದು ಆರಾಮಾಗಿ ಮೆಲುಕು ಹಾಕುತ್ತಿರುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ನಾಲ್ಕು ದನ ಸಾಕಿದ ಯಾರನ್ನು ಕೇಳಿದರೂ ಇದು ಗೊತ್ತು. "ಅದರ ರಕ್ತ ಗಟ್ಟಿ ಮಾರಾಯ್ರೇ" ಅಂತ ಹೇಳಿ ಮುಂದೆ ಹೋಗುತ್ತೇವೆ. ಆ ಗಟ್ಟಿತನದಲ್ಲಿ ಒಂದು ಪಾಲು ಕೊಟ್ಟಿಗೆಯದ್ದು, ಮೇವಿನದ್ದು. ಇನ್ನೊಂದು ಪಾಲು ಅಪ್ಪ ಅಮ್ಮನಿಂದ ಬಂದದ್ದು. ಆ ಎರಡನೇ ಪಾಲನ್ನು ಮುಂದಿನ ಕಡಸಿಗೆ ದಾಟಿಸಲು ನಮ್ಮ ಕೈಯಲ್ಲಿ ಏನಾಗುತ್ತದೆ, ಅದನ್ನಷ್ಟೇ ಇಲ್ಲಿ ಹೇಳುತ್ತೇನೆ.

ಒಂದು ವಿಷಯ ಮೊದಲೇ ಇತ್ಯರ್ಥ ಮಾಡಿಬಿಡೋಣ. ಎಲ್ಲ ರೋಗ ತಡೆಯುವ ಒಂದೇ ಒಂದು ಜೀನ್ ಅಂತ ಇಲ್ಲ. ಈ ಹೋರಿಯ ಸ್ಟ್ರಾ (ವೀರ್ಯ ತುಂಬಿದ ಸಣ್ಣ ಕೊಳವೆ) ಹಾಕಿಸಿ, ಹುಟ್ಟುವ ಕರುವಿಗೆ ಕಾಯಿಲೆಯೇ ಬರಲ್ಲ ಅಂತ ಯಾರಾದರೂ ಹೇಳಿದರೆ ಚಹಾ ಕೊಟ್ಟು ಕಳಿಸಿ.

ಒಳಗೆ ಏನು ನಡೆಯುತ್ತದೆ

ದನದ ಜೀವಕೋಶದಲ್ಲಿ 30 ಜೊತೆ ಕ್ರೋಮೋಸೋಮ್ ಇವೆ. 23ನೇ ಜೊತೆಯಲ್ಲಿ ಬೋಲಾ ಅನ್ನೋ ಜೀನ್‌ಗಳ ಒಂದು ಗುಂಪು ಕೂತಿದೆ. ಅಡಿಕೆ ಮಂಡಿಯಲ್ಲಿ ಚೀಲದಿಂದ ಒಂದು ಹಿಡಿ ತೆಗೆದು ಸ್ಯಾಂಪಲ್ ತೋರಿಸುತ್ತಾರಲ್ಲ, ಈ ಜೀನ್‌ಗಳಿಂದ ತಯಾರಾಗುವ ಪ್ರೋಟೀನ್ ಮಾಡುವುದೂ ಅದೇ ಕೆಲಸ. ಕೋಶದೊಳಗೆ ತುಂಡಾದ ರೋಗಾಣುವಿನ ಒಂದು ಚೂರನ್ನು ಹೊರಗೆ ಹಿಡಿದು ಕಾವಲಿನ ಬಿಳಿ ರಕ್ತಕಣಗಳಿಗೆ ತೋರಿಸುತ್ತದೆ. ಕಣ ಅದನ್ನು ಗುರುತು ಹಿಡಿದರೆ ದಾಳಿ ಶುರು. ಚೂರು ಸರಿಯಾಗಿ ಕೂರದಿದ್ದರೆ ರೋಗಾಣು ಕೆಲವು ದಿನ ಕಣ್ಣು ತಪ್ಪಿಸಿಕೊಂಡು ಓಡಾಡುತ್ತದೆ.

ಈ ಗುಂಪಿನಲ್ಲಿ ಡಿಆರ್‌ಬಿ3 ಅನ್ನೋ ಒಂದು ಜೀನ್‌ಗೇ ನೂರಾರು ರೂಪಗಳಿವೆ. ಒಂದೊಂದು ರೂಪ ಒಂದೊಂದು ಬಗೆಯ ಚೂರನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ಒಂದು ಹಸುವಿನ ಪಾಲಿಗೆ ಬರುವುದು ಎರಡೇ: ಅಪ್ಪನದೊಂದು, ಅಮ್ಮನದೊಂದು. ಎರಡೂ ಬೇರೆ ಬೇರೆ ಇದ್ದರೆ ಜಾಸ್ತಿ ಬಗೆಯ ರೋಗಾಣುಗಳನ್ನು ತೋರಿಸಬಹುದು. ಎರಡೂ ಒಂದೇ ಆದರೆ ಆಯ್ಕೆ ಕಡಿಮೆ. ಕಾಲುಬಾಯಿ ಜ್ವರಕ್ಕೆ ಒಂದೇ ಬಾಟಲಿಯ ಲಸಿಕೆ ಹಾಕಿದರೂ ಊರಿನ ಎಲ್ಲ ದನಗಳಲ್ಲೂ ಒಂದೇ ಮಟ್ಟದ ಪ್ರತಿಕಾಯ (ರೋಗಾಣುವಿನ ವಿರುದ್ಧ ಮೈ ತಯಾರಿಸುವ ಪ್ರೋಟೀನ್) ಬರುವುದಿಲ್ಲ. ಅದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಒಳ್ಳೆಯ ರೂಪ ಹುಡುಕಿ ಅದನ್ನೇ ಬೆಳೆಸಬಹುದಲ್ವಾ? ಇಲ್ಲೇ ತೊಡಕು. ಎಚ್‌ಎಫ್ (ಹಾಲ್‌ಸ್ಟೀನ್ ಫ್ರೀಸಿಯನ್) ಹಿಂಡುಗಳಲ್ಲಿ ದನಗಳ ಲ್ಯುಕೇಮಿಯಾ ವೈರಸ್ ವಿಷಯದಲ್ಲಿ ಡಿಆರ್‌ಬಿ3ಯ 009 ಅನ್ನೋ ರೂಪ ಕಾಯುತ್ತದೆ, ಇನ್ನು ಕೆಲವು ರೂಪ ತೊಂದರೆ ಕೊಡುತ್ತವೆ ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ. ಸರಿ. ಆದರೆ ಒಂದು ರೋಗಕ್ಕೆ ಒಳ್ಳೆಯದಾದ ರೂಪ ಇನ್ನೊಂದಕ್ಕೆ ಕೆಲಸಕ್ಕೆ ಬಾರದೆ ಹೋಗಬಹುದು. ಒಂದು ತಳಿಯಲ್ಲಿ ಕಂಡದ್ದು ಇನ್ನೊಂದು ತಳಿಯಲ್ಲಿ ಕಾಣದೆ ಇರುವುದೂ ಮಾಮೂಲಿ. ಎಲ್ಲ ದನಕ್ಕೂ ಒಂದೇ ರೂಪ ತುಂಬಿ ಕೂತರೆ, ಆ ರೂಪಕ್ಕೆ ಸಿಗದ ಒಂದು ರೋಗಾಣು ಬಂದ ದಿನ ಇಡೀ ಊರಿನ ಕೊಟ್ಟಿಗೆಗಳು ಒಟ್ಟಿಗೆ ಮಲಗುತ್ತವೆ. ವೈವಿಧ್ಯ ಉಳಿಸಿಕೊಳ್ಳುವುದು ಇಲ್ಲಿ ಅರ್ಧ ಕೆಲಸ. ಉಳಿದ ಅರ್ಧ, ಪದೇ ಪದೇ ಕಾಯಿಲೆ ಬೀಳುವ ಹಸುವಿನಿಂದ ಕಡಸು ಬೆಳೆಸದೇ ಇರುವುದು.

ಮೊದಲ ಕೆಲಸ: ಒಂದು ನೋಟ್‌ಬುಕ್

ಜೀನ್ ಪರೀಕ್ಷೆಗಿಂತ ಮೊದಲು ಬೇಕಾದದ್ದು ಇದು. ಒಂದು ಹಸುವಿಗೆ ಎರಡು ಪುಟ. ಮೇಲೆ ಕಿವಿ ಓಲೆಯ 12 ಅಂಕಿ, ತಾಯಿ ಯಾವುದು, ಅಪ್ಪನ ಸ್ಟ್ರಾ ನಂಬರ್ ಏನು. ಕೆಳಗೆ ದಿನಾಂಕ ಹಾಕಿ ಕಾಯಿಲೆ ಬರೆಯುತ್ತಾ ಹೋಗಿ. ಕೆಚ್ಚಲು ಬಾವು ಬಂದರೆ ಯಾವ ಮೊಲೆ ಅಂತಲೂ ಬರೆಯಿರಿ. ಜ್ವರ, ಉಚ್ಚೆ ಕೆಂಪಾಗಿದ್ದು, ಕಂದು ಹಾಕಿದ್ದು, ಕಸ (ಮಾಸು) ಬೀಳದೆ ಉಳಿದದ್ದು, ಗೊರಸಿನ ಹುಣ್ಣು, ಎಷ್ಟು ಸಲ ಸೂಜಿ ಹಾಕಿಸಿದ ಮೇಲೆ ಗಬ್ಬ ನಿಂತಿತು, ಎಲ್ಲವೂ ಬೇಕು. ಡಾಕ್ಟರು ಬಂದಾಗ ಏನು ರೋಗ ಅಂದರು ಅನ್ನೋದನ್ನು ಅವರಿಂದಲೇ ಬರೆಸಿಕೊಂಡರೆ ಇನ್ನೂ ಒಳ್ಳೆಯದು.

ನಾರ್ವೆ ದೇಶ ಮಾಡಿದ್ದು ಬಹುಪಾಲು ಇದನ್ನೇ. ಅಲ್ಲಿ 1975ರಿಂದ ಹಸುಗಳ ಆರೋಗ್ಯದ ಕಾರ್ಡು ಇಡಲು ಶುರು ಮಾಡಿದರು. 1978ರಿಂದ ಹೋರಿ ಆರಿಸುವಾಗ ಅದರ ಮಗಳಂದಿರಿಗೆ ಕೆಚ್ಚಲು ಬಾವು ಎಷ್ಟು ಬಂತು ಅನ್ನೋದನ್ನೂ ಲೆಕ್ಕಕ್ಕೆ ಹಿಡಿದರು. ಆಗ ಯಾವ ಜೀನ್ ಚಿಪ್ಪೂ ಇರಲಿಲ್ಲ. ವರ್ಷಗಟ್ಟಲೆ ಬಿಡದೆ ಬರೆದರು, ಅಷ್ಟೇ. ನಾರ್ವೇಜಿಯನ್ ರೆಡ್ ತಳಿಗೆ ಗಟ್ಟಿ ಹಸು ಅನ್ನೋ ಹೆಸರು ಬಂದದ್ದು ಹಾಗೆ.

ಒಂದು ಅಂಕಿ ನೆನಪಿಡಿ. ಹಸುವಿನಿಂದ ಹಸುವಿಗೆ ಕೆಚ್ಚಲು ಬಾವಿನಲ್ಲಿ ಕಾಣುವ ವ್ಯತ್ಯಾಸದಲ್ಲಿ ಹುಟ್ಟಿನಿಂದ ಬಂದದ್ದು ನೂರಕ್ಕೆ ಐದರ ಆಸುಪಾಸು ಮಾತ್ರ. ಹಾಲಿನಲ್ಲಿರುವ ಬಿಳಿ ಕಣಗಳ ಎಣಿಕೆ ಹಿಡಿದರೆ ಅದು ನೂರಕ್ಕೆ ಹತ್ತು, ಹದಿನೈದರವರೆಗೆ ಹೋಗುತ್ತದೆ. ಮೈಮೇಲಿನ ಉಣುಗಿನ ಲೆಕ್ಕದಲ್ಲಿ ಇನ್ನೂ ಜಾಸ್ತಿ. ಅಂದರೆ ಒಂದೇ ಒಂದು ಸಲ ಬಾವು ಬಂತು ಅಂತ ಹಸುವಿನ ವಂಶವನ್ನೇ ಬೈಯಬೇಡಿ. ಅದು ಒದ್ದೆ ಹಾಸಿನ ತಪ್ಪೂ ಇರಬಹುದು, ಕರೆದವರ ಕೈಯ ತಪ್ಪೂ ಇರಬಹುದು. ಮೂರು ಸೂಲಿನಲ್ಲಿ ಮೂರೂ ಸಲ ಬಂದರೆ, ಅದೇ ಕೊಟ್ಟಿಗೆಯ ಬೇರೆ ಹಸುಗಳಿಗೆ ಬಾರದಿದ್ದರೆ, ಆಗ ಯೋಚನೆ ಮಾಡಬೇಕಾದ್ದೇ.

ಕೊಟ್ಟಿಗೆಯ ತಪ್ಪನ್ನು ಜೀನ್ ಮೇಲೆ ಹೊರಿಸಬೇಡಿ

ಕರು ಹೊಟ್ಟೆಯಲ್ಲಿದ್ದಾಗ ತಾಯಿಯ ಪ್ರತಿಕಾಯ ಅದಕ್ಕೆ ದಾಟುವುದಿಲ್ಲ. ಮನುಷ್ಯರಲ್ಲಿ ದಾಟುತ್ತದೆ, ದನದಲ್ಲಿ ಇಲ್ಲ. ಎಲ್ಲವೂ ಗಿಣ್ಣು ಹಾಲಿನಿಂದಲೇ ಬರಬೇಕು. ಒಂದು ದಿನ ಕಳೆಯುವಷ್ಟರಲ್ಲಿ ಕರುವಿನ ಕರುಳು ಆ ಪ್ರತಿಕಾಯಗಳನ್ನು ಒಳಗೆ ಬಿಟ್ಟುಕೊಳ್ಳುವುದನ್ನು ನಿಲ್ಲಿಸುತ್ತದೆ. ಆದ್ದರಿಂದ ಹುಟ್ಟಿದ ಎರಡು ಗಂಟೆಯೊಳಗೆ ಮೊದಲ ಹಾಲು ಹೊಟ್ಟೆಗೆ ಹೋಗಲಿ. ಮೊದಲ ದಿನ ಒಟ್ಟು ಕರುವಿನ ತೂಕದ ಹತ್ತನೇ ಒಂದು ಪಾಲಾದರೂ ಕುಡಿಯಲಿ. ಕಸ ಬೀಳಲಿ ಆಮೇಲೆ ಕುಡಿಸೋಣ ಅಂತ ಕೆಲವರು ಕಾಯುತ್ತಾರೆ. ಅದು ಬೇಡ. ಗಿಣ್ಣು ಮಾಡಿ ತಿನ್ನುವುದು ಕರುವಿನ ಪಾಲು ಮುಗಿದ ಮೇಲೆ.

ಗಿಣ್ಣು ಹಾಲು ಸಿಗದ ಕಡಸು ಮುಂದೆ ಸುಮ್ನೆ ಸುಮ್ನೆ ಕಾಯಿಲೆ ಬಿದ್ದರೆ ಅದಕ್ಕೆ ವಂಶ ಕಾರಣ ಅಲ್ಲ. ಇದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ, ಇಲ್ಲದಿದ್ದರೆ ಎರಡು ವರ್ಷ ಬಿಟ್ಟು ಲೆಕ್ಕ ಹಾಕುವಾಗ ದಾರಿ ತಪ್ಪುತ್ತದೆ.

ಉಣುಗು ಎಣಿಸಿ

ನಗಬೇಡಿ. ಆಸ್ಟ್ರೇಲಿಯಾದಲ್ಲಿ ವಿಜ್ಞಾನಿಗಳು ದನದ ಮೈಮೇಲೆ ಉಣುಗು ಎಣಿಸಿ ಎಣಿಸಿಯೇ ಉಣುಗು ಕಡಿಮೆ ಹಿಡಿಯುವ ತಳಿ ಬೆಳೆಸಿದರು. ನಮ್ಮ ಸಾಹಿವಾಲನ್ನು ಫ್ರೀಸಿಯನ್ ಜೊತೆ ಸೇರಿಸಿ ಅವರು ಮಾಡಿದ ಆಸ್ಟ್ರೇಲಿಯನ್ ಫ್ರೀಸಿಯನ್ ಸಾಹಿವಾಲ್ ಅಂಥದ್ದೊಂದು.

ಮಲೆನಾಡಿನಲ್ಲಿ ಈ ಕೆಲಸಕ್ಕೆ ಬೆಲೆ ಜಾಸ್ತಿ. ಥೈಲೇರಿಯಾ, ಬೆಬಿಸಿಯಾ, ಅನಾಪ್ಲಾಸ್ಮಾ ಅನ್ನೋ ರಕ್ತದ ಕಾಯಿಲೆಗಳು ಮೂರೂ ಇಲ್ಲಿ ಉಣುಗಿನ ಬಾಯಿಂದ ಬರುವಂಥವು. ಇನ್ನು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಅದು ಮೊದಲು ಗೊತ್ತಾಯಿತು. ದನಕ್ಕೆ ಆ ಕಾಯಿಲೆ ಬರುವುದಿಲ್ಲ, ದನದ ಮೈಯಲ್ಲಿ ಆ ವೈರಸ್ ಬೆಳೆಯುವುದೂ ಇಲ್ಲ ಅನ್ನುವಷ್ಟು ಕಡಿಮೆ. ಆದರೆ ಅದನ್ನು ಹರಡುವ ಕಾಡು ಉಣುಗು ದೊಡ್ಡದಾದ ಮೇಲೆ ರಕ್ತ ಕುಡಿಯುವುದು ಹೆಚ್ಚಾಗಿ ದನದ ಮೇಲೆ. ಕುಡಿದು ಬಿದ್ದು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಉಣುಗು ಹಿಡಿಯದ ಹಸು ಅಂದರೆ ಮನೆಮಂದಿಗೂ ಒಂದು ಲಾಭ.

ಎಣಿಸುವುದು ಹೀಗೆ. ಔಷಧಿ ಹಚ್ಚುವ ಮೊದಲು ಎಣಿಸಿ, ಹಚ್ಚಿದ ಮೇಲೆ ಎಣಿಸಿ ಪ್ರಯೋಜನ ಇಲ್ಲ. ಕೊಟ್ಟಿಗೆಯ ಎಲ್ಲ ದನವನ್ನೂ ಒಂದೇ ದಿನ ನೋಡಿ, ಹೋಲಿಸುವುದು ನಿಮ್ಮ ದನ ನಿಮ್ಮ ದನದ ಜೊತೆ ಮಾತ್ರ. ಮೈಯ ಒಂದು ಬದಿ ಸಾಕು, ಬಂದ ಲೆಕ್ಕವನ್ನು ಎರಡರಿಂದ ಗುಣಿಸಿ. ಕಿವಿಯ ಒಳಗೆ, ಗಂಗೆದೊಗಲು, ಕೆಚ್ಚಲಿನ ಸಂದು, ಬಾಲದ ಬುಡ ಬಿಡಬೇಡಿ. ರಕ್ತ ಕುಡಿದು ಐದಾರು ಮಿಲಿಮೀಟರ್ ಆದ ಉಣುಗನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಮರಿಗಳನ್ನು ಎಣಿಸಲು ಹೊರಟರೆ ಸಂಜೆಯಾಗುತ್ತದೆ. ಕೈಗೆ ಗ್ಲೌಸ್ ಹಾಕಿಕೊಳ್ಳಿ, ಬೆರಳಿನಲ್ಲಿ ಒತ್ತಿ ಒಡೆಯಬೇಡಿ. ಮಳೆಗಾಲಕ್ಕೆ ಮುಂಚೆ ಒಂದು ಸಲ, ಮಳೆಯ ನಡುವೆ ಒಂದು ಸಲ, ದೀಪಾವಳಿ ಕಳೆದ ಮೇಲೆ ಒಂದು ಸಲ ಮಾಡಿದರೆ ಯಾವ ಹಸು ಹೇಗೆ ಅನ್ನೋದು ಸ್ಪಷ್ಟವಾಗುತ್ತದೆ. ದನಕ್ಕೆ ಹತ್ತುವ ಮುಖ್ಯ ಉಣುಗು ಮೈಮೇಲೆ ಸುಮಾರು ಮೂರು ವಾರ ಇರುತ್ತದೆ. ಅದಕ್ಕೇ ಔಷಧಿ ಹಚ್ಚಿ ಎರಡು ದಿನಕ್ಕೆ ಮೈ ಖಾಲಿ ಕಂಡರೆ ಮೋಸ ಹೋಗಬೇಡಿ.

ಸಾಮಾನ್ಯವಾಗಿ ಲೆಕ್ಕದಲ್ಲಿ ಗೆಲ್ಲುವುದು ಊರು ದನ, ಅಂದರೆ ನಮ್ಮ ಮಲೆನಾಡು ಗಿಡ್ಡ. ಗಿಡ್ಡ ಕೂದಲು, ನೆಕ್ಕಿ ನೆಕ್ಕಿ ಉಣುಗು ತೆಗೆಯುವ ಅಭ್ಯಾಸ, ಜೊತೆಗೆ ಉಣುಗು ಕಚ್ಚಿದ ಜಾಗದಲ್ಲಿ ಚರ್ಮ ಚುರುಕಾಗಿ ತಿರುಗಿ ಬೀಳುವುದು, ಇವೆಲ್ಲ ಸೇರಿ ಬೆನ್ನ ಮೇಲೆ ಡುಬ್ಬವಿರುವ ದೇಶಿ ದನಗಳನ್ನು ಕಾಯುತ್ತವೆ. ಥೈಲೇರಿಯಾ ವಿಷಯದಲ್ಲೂ ಸಾಹಿವಾಲ್ ಕರುಗಳು ಎಚ್‌ಎಫ್ ಕರುಗಳಿಗಿಂತ ಚೆನ್ನಾಗಿ ತಡೆದುಕೊಂಡದ್ದನ್ನು ಪ್ರಯೋಗಗಳಲ್ಲಿ ನೋಡಿದ್ದಾರೆ. ಆದರೆ ಗಿಡ್ಡಕ್ಕೆ ರೋಗವೇ ಬರಲ್ಲ ಅನ್ನೋದು ಸುಳ್ಳು. ಕಾಲುಬಾಯಿ ಜ್ವರ ಬರುತ್ತದೆ, ಚಪ್ಪೆ ರೋಗ ಬರುತ್ತದೆ, ಚರ್ಮಗಂಟು ರೋಗ ದೇಶಿ ದನಗಳನ್ನೂ ಬಿಟ್ಟಿಲ್ಲ. ಇನ್ನೊಂದು ಸೂಕ್ಷ್ಮ ಇದೆ. ರೋಗಾಣುವನ್ನು ಹೊರಗಟ್ಟುವುದು ಬೇರೆ, ಮೈಯಲ್ಲಿಟ್ಟುಕೊಂಡೇ ಆರಾಮಾಗಿರುವುದು ಬೇರೆ. ಎರಡನೇ ಬಗೆಯ ದನ ತಾನು ಚೆನ್ನಾಗಿದ್ದು, ಉಣುಗಿನ ಮೂಲಕ ಪಕ್ಕದ ಜರ್ಸಿಗೆ ಥೈಲೇರಿಯಾ ದಾಟಿಸಬಹುದು. ಅದಕ್ಕೇ ಗಟ್ಟಿ ದನ ಇದೆ ಅಂತ ಉಣುಗಿನ ಔಷಧಿ ನಿಲ್ಲಿಸಬಾರದು.

ಕೆಚ್ಚಲಿನ ಪರೀಕ್ಷೆ ಮನೆಯಲ್ಲೇ

ಕಣ್ಣಿಗೆ ಕಾಣದ ಬಾವು ಕಾಣುವ ಬಾವಿಗಿಂತ ಜಾಸ್ತಿ. ಒಂದು ಲೀಟರ್ ನೀರಿಗೆ 30 ಗ್ರಾಂ ಬಟ್ಟೆ ಒಗೆಯುವ ಪುಡಿ ಕಲಸಿ. ನಾಲ್ಕು ಲೋಟದಲ್ಲಿ ನಾಲ್ಕು ಮೊಲೆಯ ಹಾಲು ಸ್ವಲ್ಪ ಸ್ವಲ್ಪ ಬೇರೆ ಬೇರೆ ಕರೆದು, ಅಷ್ಟೇ ಪ್ರಮಾಣದ ಸೋಪಿನ ನೀರು ಹಾಕಿ ಅಲ್ಲಾಡಿಸಿ. ಹಾಗೇ ನೀರಾಗಿದ್ದರೆ ಸರಿ. ಲೋಳೆಯಾಗಿ ಗಟ್ಟಿಯಾದರೆ ಆ ಮೊಲೆಯಲ್ಲಿ ಬಿಳಿ ಕಣ ಜಾಸ್ತಿ ಇದೆ, ಅಂದರೆ ಒಳಗೆ ಸೋಂಕು ಇರಬಹುದು. ಲೋಟದಲ್ಲಿ ಉಳಿದದ್ದನ್ನು ಚೆಲ್ಲಿ, ನಾಯಿಗೂ ಹಾಕಬೇಡಿ. ತಿಂಗಳಿಗೊಮ್ಮೆ ಮಾಡಿ ಪುಟದಲ್ಲಿ ಬರೆಯಿರಿ. ಕರು ಹಾಕಿದ ಮೊದಲ ವಾರ ಮತ್ತು ಹಾಲು ಬತ್ತುವ ಹೊತ್ತಿನಲ್ಲಿ ಇದು ಸುಳ್ಳು ಹೇಳುತ್ತದೆ. ಆ ದಿನಗಳನ್ನು ಬಿಡಿ.

ಯಾರಿಂದ ಕಡಸು ಬೇಕು?

ಇಲ್ಲೇ ನಮ್ಮವರು ಎಡವುವುದು. ಕೊಡಗಟ್ಟಲೆ ಹಾಲು ಕೊಡುವ ಹಸುವಿನ ಕಡಸನ್ನೇ ಉಳಿಸಿಕೊಳ್ಳುತ್ತೇವೆ. ಹಾಲು ಹೆಚ್ಚಿಸುವ ಜೀನ್‌ಗಳಲ್ಲಿ ಕೆಲವು ಕೆಚ್ಚಲು ಬಾವನ್ನೂ ಜೊತೆಗೇ ತರುತ್ತವೆ. ಹಾಲು ಒಂದನ್ನೇ ನೋಡಿ ತಲೆಮಾರುಗಟ್ಟಲೆ ಆರಿಸಿದ ಕಡೆಯೆಲ್ಲ ಇದು ಕಂಡಿದೆ. ನನ್ನ ಲೆಕ್ಕದಲ್ಲಿ, ದಿನಕ್ಕೆ ಎರಡು ಲೀಟರ್ ಕಡಿಮೆ ಕೊಟ್ಟು, ಮೂರು ಸೂಲಿನಲ್ಲಿ ಒಮ್ಮೆಯೂ ಡಾಕ್ಟರನ್ನು ಕರೆಸದ ಹಸುವೇ ಮಲೆನಾಡಿನ ಕೊಟ್ಟಿಗೆಗೆ ಒಳ್ಳೆಯದು. ಔಷಧಿಯ ಬಿಲ್ಲು, ಔಷಧಿ ಕೊಟ್ಟ ದಿನಗಳಲ್ಲಿ ಸೊಸೈಟಿಗೆ ಹಾಕಲಾಗದ ಹಾಲು, ಖರ್ಚಾದ ನಿದ್ದೆ ಎಲ್ಲ ಸೇರಿಸಿ ನೀವೇ ನೋಡಿ.

ನೋಟ್‌ಬುಕ್ ನೋಡಿ ಹಸುಗಳನ್ನು ಎರಡು ಗುಂಪು ಮಾಡಿ. ಚೆನ್ನಾಗಿರುವ ಗುಂಪಿಗೆ, ಸಿಕ್ಕರೆ, ಹೆಣ್ಣುಕರುವಿನ ಸ್ಟ್ರಾ ಹಾಕಿಸಿ. ಲಿಂಗ ವಿಂಗಡಿಸಿದ ಆ ವೀರ್ಯದಲ್ಲಿ ನೂರಕ್ಕೆ ಸುಮಾರು ತೊಂಬತ್ತು ಹೆಣ್ಣು. ಪದೇ ಪದೇ ಮಲಗುವ ಹಸುವಿಗೆ ಮಾಮೂಲಿ ಸ್ಟ್ರಾ ಸಾಕು. ಹಾಲು ಕರೆಯಿರಿ, ಆರೈಕೆ ಮಾಡಿ, ಅದರ ಹೆಣ್ಣುಕರುವನ್ನು ಮಾತ್ರ ಮುಂದಿನ ತಾಯಿ ಅಂತ ಇಟ್ಟುಕೊಳ್ಳಬೇಡಿ. ಆ ಹಸುವನ್ನು ಮಾರಿಬಿಡಿ ಅಂತ ನಾನು ಹೇಳುತ್ತಿಲ್ಲ. ಮಾರಿದರೆ ಆ ತೊಂದರೆ ಪಕ್ಕದೂರಿಗೆ ಹೋಗುತ್ತದೆ, ಅಷ್ಟೇ.

ಸ್ಟ್ರಾ ಮೇಲಿನ ನಂಬರ್ ಓದಿ

ಕೊಟ್ಟಿಗೆಯಲ್ಲಿ ಹಸು ನಾಲ್ಕೇ ಇರಬಹುದು, ಆದರೆ ಕರುವಿನ ಅರ್ಧ ಜೀನ್ ಆ ಸಣ್ಣ ಕೊಳವೆಯಿಂದ ಬರುತ್ತದೆ. ಕೃತಕ ಗರ್ಭಧಾರಣೆ (ಎಐ) ಮಾಡುವವರು ಮೈನಸ್ 196 ಡಿಗ್ರಿಯ ಸಾರಜನಕದ ಕ್ಯಾನಿನಿಂದ ತೆಗೆಯುವ ಪ್ರತಿ ಸ್ಟ್ರಾ ಮೇಲೂ ತಳಿ, ಹೋರಿಯ ನಂಬರ್, ಕೇಂದ್ರದ ಗುರುತು ಅಚ್ಚಾಗಿರುತ್ತದೆ. ಹಾಕಿದ ಮೇಲೆ ಖಾಲಿ ಸ್ಟ್ರಾ ಕೇಳಿ ತೆಗೆದುಕೊಂಡು ಪುಟಕ್ಕೆ ಟೇಪ್ ಹಚ್ಚಿ ಅಂಟಿಸಿ. ಫೋನಿನಲ್ಲಿ ಫೋಟೋ ತೆಗೆದರೂ ಆಯಿತು.

ಏಕೆ ಇಷ್ಟು ತಲೆಬಿಸಿ? 1952ರಲ್ಲಿ ಅಮೆರಿಕದಲ್ಲಿ ಆಸ್ಬೋರ್ನ್‌ಡೇಲ್ ಐವನ್ಹೋ ಅನ್ನೋ ಎಚ್‌ಎಫ್ ಹೋರಿ ಹುಟ್ಟಿತು. ಮಗಳಂದಿರು ಹಾಲು ಹೊಳೆ ಹರಿಸಿದರು, ಮಕ್ಕಳು ಮೊಮ್ಮಕ್ಕಳ ವೀರ್ಯ ಜಗತ್ತೆಲ್ಲ ಹೋಯಿತು. ಅದರ ಜೊತೆ ಒಂದು ಕೆಟ್ಟ ಜೀನೂ ಹೋಯಿತು. ಬಿಳಿ ರಕ್ತಕಣ ರಕ್ತನಾಳದ ಗೋಡೆಗೆ ಅಂಟಿಕೊಂಡು ಹೊರಗೆ ಇಳಿದು ಸೋಂಕಿನ ಜಾಗಕ್ಕೆ ಹೋಗಬೇಕಲ್ಲ, ಆ ಅಂಟನ್ನು ಮಾಡುವ ಜೀನಿನಲ್ಲಿ ಒಂದೇ ಒಂದು ಅಕ್ಷರ ತಪ್ಪಾಗಿತ್ತು. ಎರಡೂ ಪ್ರತಿ ಕೆಟ್ಟದ್ದಿರುವ ಕರುವಿನ ರಕ್ತದಲ್ಲಿ ಬಿಳಿ ಕಣ ರಾಶಿ ರಾಶಿ, ಆದರೆ ಬಾಯಿಹುಣ್ಣು, ಭೇದಿ, ನ್ಯುಮೋನಿಯಾದಿಂದ ಹೆಚ್ಚಿನವು ಬೇಗ ಸಾಯುತ್ತಿದ್ದವು. ಈ ರೋಗದ ಹೆಸರು ಬ್ಲ್ಯಾಡ್. 1992ರಲ್ಲಿ ತಪ್ಪು ಎಲ್ಲಿದೆ ಅಂತ ಪತ್ತೆಯಾಯಿತು. ಆ ಹೊತ್ತಿಗೆ ಅಮೆರಿಕದ ಎಚ್‌ಎಫ್ ಹೋರಿಗಳಲ್ಲಿ ನೂರಕ್ಕೆ ಸುಮಾರು 15 ಅದನ್ನು ಹೊತ್ತಿದ್ದವು. ಒಂದು ಪ್ರತಿ ಮಾತ್ರ ಇರುವ ಹೋರಿ ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತದೆ. ಅಂಥ ಹೋರಿ, ಅಂಥದೇ ಹಸು ಸೇರಿದರೆ ನಾಲ್ಕರಲ್ಲಿ ಒಂದು ಕರು ರೋಗಿ. ಈಗ ನಮ್ಮ ವೀರ್ಯ ಕೇಂದ್ರಗಳಲ್ಲೂ ಹೋರಿ ಸೇರಿಸಿಕೊಳ್ಳುವ ಮೊದಲು ಬ್ಲ್ಯಾಡ್ ಪರೀಕ್ಷೆ ಮಾಡುತ್ತಾರೆ. ಊರಿನ ಯಾರದ್ದೋ ಎಚ್‌ಎಫ್ ಹೋರಿಯನ್ನು ಪುಕ್ಕಟೆ ಸಿಗುತ್ತದೆ ಅಂತ ಬಿಡಿಸಿದರೆ ಆ ಪರೀಕ್ಷೆ ಇರುವುದಿಲ್ಲ. ಜೊತೆಗೆ ಕಂದು ರೋಗ (ಬ್ರುಸೆಲ್ಲೋಸಿಸ್) ಅಂಟುವ ಭಯ ಬೇರೆ.

ಇನ್ನೊಂದು ಬಲೆ ನಮ್ಮ ಊರಲ್ಲೇ ಇದೆ. ಕಡಸು ಎರಡು ವರ್ಷಕ್ಕೆ ಬೆದೆಗೆ ಬರುತ್ತದೆ. ಕ್ಯಾನಿನಲ್ಲಿ ಆಗಲೂ ಅದೇ ಹೋರಿಯ ಸ್ಟ್ರಾ ಉಳಿದಿರಬಹುದು. ನೀವು ಕೇಳದಿದ್ದರೆ ಮಗಳಿಗೆ ಅಪ್ಪನದೇ ಸ್ಟ್ರಾ ಬೀಳುತ್ತದೆ. ಹಾಗೆ ಹುಟ್ಟಿದ ಕರುವಿನಲ್ಲಿ ನಾಲ್ಕನೇ ಒಂದು ಪಾಲು ಜೀನ್‌ಗಳಲ್ಲಿ ಎರಡೂ ಪ್ರತಿ ಒಂದೇ ಆಗಿಬಿಡುತ್ತವೆ. ಬೋಲಾ ಜೀನ್‌ಗಳೂ ಅದರಲ್ಲಿ ಸೇರಬಹುದು. ಅಂಟಿಸಿಟ್ಟ ಖಾಲಿ ಸ್ಟ್ರಾ ತೋರಿಸಿ, ಇದು ಬಿಟ್ಟು ಬೇರೆ ಹಾಕಿ ಅನ್ನಿ. ಅಣ್ಣ ತಂಗಿಯ ಲೆಕ್ಕವೂ ಇಷ್ಟೇ ಮುಖ್ಯ.

ರಕ್ತದ ಪಾಲು

ಮಿಶ್ರತಳಿಯಲ್ಲಿ ವಿದೇಶಿ ತಳಿಯ ಪಾಲು ನೂರಕ್ಕೆ 50ರಿಂದ 62.5 ದಾಟಬಾರದು ಅನ್ನೋದು ಪಶುಪಾಲನೆಯಲ್ಲಿ ಹಳೆಯ ಸಲಹೆ. ಲೆಕ್ಕ ಸುಲಭ: ಅಪ್ಪನ ಪಾಲು, ಅಮ್ಮನ ಪಾಲು ಕೂಡಿಸಿ ಅರ್ಧ ಮಾಡಿ. ಗಿಡ್ಡಕ್ಕೆ ಶುದ್ಧ ಜರ್ಸಿ ಹಾಕಿದರೆ ಕರು 50. ಆ ಕರುವಿಗೆ ಮತ್ತೆ ಶುದ್ಧ ಜರ್ಸಿ ಹಾಕಿದರೆ 75. ಮತ್ತೊಮ್ಮೆ ಹಾಕಿದರೆ 87.5. ಅಲ್ಲಿಗೆ ಉಣುಗು ತಡೆಯುವ ಶಕ್ತಿ ಬಹುಪಾಲು ತೊಳೆದುಹೋಯಿತು. ನಿಮ್ಮದು ಈಗಾಗಲೇ 75 ಇದ್ದರೆ 50ರ ಮಿಶ್ರತಳಿ ಹೋರಿಯ ಸ್ಟ್ರಾ ಕೇಳಿ, ಕರು 62.5ಕ್ಕೆ ಇಳಿಯುತ್ತದೆ. ವರ್ಷಕ್ಕೆ 300 ಇಂಚು ಮಳೆ ಬೀಳುವ ಆಗುಂಬೆ ಸೀಮೆಯಲ್ಲಿ ಎಚ್‌ಎಫ್ 87.5 ಇಟ್ಟುಕೊಂಡು ಸಾಕುತ್ತೇನೆ ಅನ್ನುವವರಿಗೆ ನನ್ನದೊಂದು ನಮಸ್ಕಾರ.

ಶುದ್ಧ ಗಿಡ್ಡ ಇದ್ದರೆ ದಯವಿಟ್ಟು ಒಂದೆರಡಾದರೂ ಶುದ್ಧವಾಗಿಯೇ ಉಳಿಸಿ. ದಿನಕ್ಕೆ ಎರಡು ಮೂರು ಲೀಟರ್ ಹಾಲು ಅಷ್ಟೇ, ಒಪ್ಪುತ್ತೇನೆ. ಆದರೆ ಮುಂದೆ ಮಿಶ್ರತಳಿಗೆ ಗಟ್ಟಿತನ ತುಂಬಲು ಜೀನ್ ಬರಬೇಕಾದದ್ದು ಅಲ್ಲಿಂದಲೇ. ಕೇರಿಯ ಐದಾರು ಮನೆಯವರು ಸೇರಿ ಒಂದು ಒಳ್ಳೆಯ ಗಿಡ್ಡ ಹೋರಿ ಇಟ್ಟುಕೊಂಡು, ಎರಡು ಮೂರು ವರ್ಷಕ್ಕೊಮ್ಮೆ ದೂರದ ಊರಿನ ಹೋರಿಯ ಜೊತೆ ಬದಲಾಯಿಸಿಕೊಳ್ಳಬಹುದು.

ಜೀನ್ ಪರೀಕ್ಷೆ ಮಾಡಿಸಬೇಕಾ?

ನಾಲ್ಕು ಹಸುವಿನ ಮನೆಗೆ ಸದ್ಯಕ್ಕೆ ಬೇಡ. ಮಾದರಿ ಕೊಡುವುದೇನೋ ಸುಲಭ, ಬಾಲದ ಕೂದಲನ್ನು ಬುಡದ ಗಡ್ಡೆ ಸಮೇತ ಕಿತ್ತರೂ ಸಾಕು, ಸ್ವಲ್ಪ ರಕ್ತವಾದರೂ ಸಾಕು. ಆದರೆ ಬಂದ ಫಲಿತಾಂಶಕ್ಕೆ ಅರ್ಥ ಬರಬೇಕಾದರೆ ಸಾವಿರಾರು ಹಸುಗಳ ಜೀನ್ ಮತ್ತು ಅವುಗಳ ಕಾಯಿಲೆ ದಾಖಲೆ ಎರಡೂ ಒಟ್ಟಿಗೆ ಬೇಕು. ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ದೇಶಿ ದನಗಳಿಗಾಗಿ ಗೌ ಚಿಪ್ ಬಿಡುಗಡೆ ಮಾಡಿತು. ಸಾವಿರಾರು ಜಾಗಗಳಲ್ಲಿ ಜೀನ್ ಹೇಗಿದೆ ಅಂತ ಅದು ಒಂದೇ ಸಲಕ್ಕೆ ಓದುತ್ತದೆ. ಹೋರಿಯನ್ನು ಕರುವಿದ್ದಾಗಲೇ ಅಳೆದು ಆರಿಸಲು ಇದು ಅನುಕೂಲ. ಚಿಪ್ ಜೀನನ್ನು ಓದಬಹುದು, ಆದರೆ ಯಾವ ಹಸು ಯಾವಾಗ ಮಲಗಿತು ಅನ್ನೋದನ್ನು ಅದಕ್ಕೆ ಯಾರಾದರೂ ಹೇಳಬೇಕಲ್ಲ? ಕಿವಿ ಓಲೆಯ ನಂಬರಿನ ಮೇಲೆ ಡಾಕ್ಟರು ಚಿಕಿತ್ಸೆ ದಾಖಲಿಸುವಾಗ ನಿಮ್ಮ ನೋಟ್‌ಬುಕ್ ಮುಂದಿಡಿ. ಓಲೆ ಬಿದ್ದುಹೋಗಿದ್ದರೆ ಹಾಕಿಸಿ. ಓಲೆ ಇಲ್ಲದ ಹಸುವಿನ ಕಾಯಿಲೆ ಯಾವ ಹೋರಿಯ ಲೆಕ್ಕಕ್ಕೂ ಸೇರುವುದಿಲ್ಲ.

ಲಸಿಕೆ ಮಾತ್ರ ಬಿಡುವಂತಿಲ್ಲ. ಕಾಲುಬಾಯಿ ಜ್ವರಕ್ಕೆ ಆರು ತಿಂಗಳಿಗೊಮ್ಮೆ, ಕಂದು ರೋಗಕ್ಕೆ ಹೆಣ್ಣುಕರುವಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಒಂದು ಸಲ. ಗಳಲೆ ರೋಗ ಮತ್ತು ಚಪ್ಪೆ ರೋಗದ ಲಸಿಕೆ ಮಳೆ ಶುರುವಾಗುವ ಮೊದಲು ಆಗಿರಬೇಕು. ಲಸಿಕೆ ಹಾಕುವವರು ಮನೆಗೆ ಬಂದ ದಿನವೇ ನೋಟ್‌ಬುಕ್ ಹೊರಗೆ ತೆಗೆದು ಎಲ್ಲ ದನದ ಓಲೆ ನಂಬರ್ ತಾಳೆ ನೋಡಿಬಿಡಿ, ಬೇರೆ ದಿನ ಕೊಟ್ಟಿಗೆಗೆ ಅಷ್ಟು ಜನ ಒಟ್ಟಿಗೆ ಸಿಗುವುದಿಲ್ಲ.